ಕಾಗದದ ಮೇಲಿನ ಗಂಡ

"ನಿಮಗೆ ಮದುವೆ ಆಗಿದ್ಯಲ್ಲಮ್ಮ," ಎಂದರು ಸೊರಬದ ತಾಲ್ಲೂಕು ಕಚೇರಿಯ ಗುಮಾಸ್ತರು, ಕಂಪ್ಯೂಟರಿನಿಂದ ತಲೆ ಎತ್ತದೆ.

"ನಂಗಾ? ಯಾವಾಗ?"

"ಅದು ನನಗೇನು ಗೊತ್ತು? ನಿಮ್ಮ ವಿಧವಾ ವೇತನ ಅದಕ್ಕೇ ನಿಂತಿದೆ. ಗಂಡನ ಹೆಸರು ಸಿದ್ಧಲಿಂಗೇಶ್ ಅಂತಿದೆ ನೋಡಿ."

ನಗು ಬಂತೋ ಸಿಟ್ಟು ಬಂತೋ ಹೇಳಲಾರೆ. ಕಿವಿಯಂತೂ ಬಿಸಿಯಾಯಿತು. ಮಾಸ್ಕ್ ಇದ್ದದ್ದು ಪುಣ್ಯ, ಇಲ್ಲದಿದ್ದರೆ ಆ ಮನುಷ್ಯ ನನ್ನ ಮುಖ ನೋಡಿಯೇ ಸುದ್ದಿ ನಿಜ ಎಂದುಕೊಳ್ಳುತ್ತಿದ್ದರು.

ಆ ಹೆಸರಿನವರು ಒಬ್ಬರಿದ್ದಾರೆ, ಇಲ್ಲ ಎನ್ನುವುದಿಲ್ಲ. ಮೊದಲ ಲಾಕ್‌ಡೌನಿನಲ್ಲಿ ಶಿಕಾರಿಪುರದಿಂದ ನಮ್ಮ ಚಂದ್ರಗುತ್ತಿಗೆ ಬಂದ ಪ್ರೈವೇಟ್ ಬಸ್ಸು ನಮ್ಮ ಮನೆ ಎದುರೇ ನಿಂತುಬಿಟ್ಟಿತು. ಡ್ರೈವರ್ ಯಾರದೋ ಬೈಕ್ ಹತ್ತಿ ಊರು ಸೇರಿದ. ಬ್ಯಾಟರಿ ಕಳುವಾದರೆ ನೀನೇ ಹೊಣೆ ಎಂದು ಓನರ್ ಹೆದರಿಸಿದ್ದರಿಂದ ಕಂಡಕ್ಟರ್ ಬಸ್ಸಿನಲ್ಲೇ ಉಳಿದರು. ಅವರೇ ಸಿದ್ಧಲಿಂಗೇಶ್, ತಾಳಗುಂದದವರು. ಬಸ್ಸಿನ ಜೊತೆಗೇ ಅವರ ಸಂಬಳವೂ ನಿಂತಿತು.

ನನ್ನದೇನು ಬೇರೆಯೇ? ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದೆ. ಶಾಲೆಗೆ ಬೀಗ ಬಿದ್ದ ಮೇಲೆ ಯಾರಿಗೆ ಬೇಯಿಸಲಿ? ನನ್ನ ಗಂಡ ತೀರಿಕೊಂಡು ಆಗ ಐದು ವರ್ಷ. ಮನೆಯಲ್ಲಿ ನಾನು, ಅತ್ತೆ ಲೋಕಮ್ಮ. ರೇಷನ್ ಅಕ್ಕಿ ಬಿಟ್ಟರೆ ತಿಂಗಳಿಗೊಮ್ಮೆ ಬರುವ ಆ ವಿಧವಾ ವೇತನವೇ ಗತಿ.

ಪಂಚಾಯ್ತಿಯಿಂದ ದಿನಸಿ ಕಿಟ್ ಕೊಡಲು ಪಟ್ಟಿ ಮಾಡುವವರು ಬಂದರು. ಮನೆಯ ಸದಸ್ಯರಿಗೆ ಮಾತ್ರ ಕಿಟ್, ಬಸ್ಸಿನಲ್ಲಿ ಇರುವವರಿಗೆ ಇಲ್ಲ ಎಂದರು. ಅತ್ತೆ, "ಹಂಗಾದ್ರೆ ನಮ್ಮನೆ ಸದಸ್ಯ ಅಂತ್ಲೇ ಬರ್ಕಳಿ. ಸೊಸೆಗೆ ಎರಡನೇ ಗಂಡ," ಎಂದುಬಿಟ್ಟರು! ಆ ಪಟ್ಟಿಯೇ ಈಗ ಕಚೇರಿಯ ಕಂಪ್ಯೂಟರ್ ಸೇರಿತ್ತು.

ಪಟ್ಟಿಯವರು ಅತ್ತ ಹೋಗಿದ್ದೇ ನಾನು ಸಿಟ್ಟಿಗೆ ಕುಣಿದಾಡಿದೆ. "ಎಂತದತ್ತೆ ಇದು? ಮಾನ ಮರ್ಯಾದೆ ಬೇಡ್ವಾ?"

"ಒಬ್ರ ಹೊಟ್ಟೆಗೆ ಹಾಕಕ್ಕೆ ಒಂದು ಸುಳ್ಳು ಹೇಳಿದ್ರೆ ಎಂತ ಆಗ್ತದೆ? ಮಗನ್ನ ಕಳ್ಕಂಡೋಳು ನಾನು. ನಂಗೇ ಬಾಯಿ ಬಂತು, ನಿಂಗೆಂತ ಕಷ್ಟ?"

ನಾನು ಒಳಗೆ ಹೋಗಿ ಅನ್ನದ ಪಾತ್ರೆಗೆ ಇನ್ನೊಂದು ಹಿಡಿ ಅಕ್ಕಿ ಹಾಕಿದೆ.

ಸುಮಾರು ಐವತ್ತು ದಿನ ಆ ಮನುಷ್ಯ ನಮ್ಮ ಜಗಲಿಯಲ್ಲಿ ಉಂಡರು. ತಲೆ ಎತ್ತುತ್ತಿರಲಿಲ್ಲ. ಅನ್ನಕ್ಕೆ ಕೈ ಅಡ್ಡ ಹಿಡಿಯುವಾಗ ಮಾತ್ರ ಒಂದು ಸಲ ನೋಡುತ್ತಿದ್ದರು. ಆ ಒಂದು ನೋಟಕ್ಕಾಗಿ ನಾನು ಬೇಕೆಂದೇ ಇನ್ನೊಂದು ಸೌಟು ಬಡಿಸುತ್ತಿದ್ದೆ.

"ಸಾರು ಹೆಂಗಿದೆ?" ಒಂದು ದಿನ ಕೇಳಿದೆ.

"ಶಾಲಿ ಹುಡುಗ್ರು ಪುಣ್ಯ ಮಾಡಿದಾರ ಬಿಡ್ರಿ."

"ನೂರು ಜನಕ್ಕೆ ಮಾಡಿದ ಕೈ. ಮೂರು ಜನಕ್ಕೆ ಉಪ್ಪು ಅಂದಾಜಾಗಲ್ಲ."

"ಅದಕ್ಕೇ ದಿನಾ ಮೂರು ಚೊಂಬು ನೀರು ಕುಡೀತೀನ್ರಿ. ಹೇಳಿರ್ಲಿಲ್ಲ ಅಷ್ಟೇ."

ಬಸ್ಸು ಹೊರಟ ದಿನ ಅತ್ತೆ ಅತ್ತರು. ನಾನು ಅಳಲಿಲ್ಲ, ಹಿತ್ತಿಲಿಗೆ ಹೋಗಿ ಪಾತ್ರೆ ತಿಕ್ಕಿದೆ.

ಓನರ್ ಆ ಬಸ್ಸನ್ನೇ ಮಾರಿಬಿಟ್ಟರು. ಸಿದ್ಧಲಿಂಗೇಶ್ ಶಿರಾಳಕೊಪ್ಪದ ಅಂಗಡಿಯೊಂದರಲ್ಲಿ ಮೂಟೆ ಹೊರಲು ಸೇರಿದರು. ಒಂದೂವರೆ ವರ್ಷದಿಂದ ದಿನಾ ಫೋನು. "ಊಟ ಆತೇನ್ರಿ?" "ಆಯ್ತು. ನಿಮ್ಮದು?" ಇಷ್ಟೇ. ಹೇಳಬೇಕಾದದ್ದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಕಚೇರಿಯಿಂದ ಹೊರಬಂದು ನಾನೇ ಫೋನ್ ಮಾಡಿದೆ. "ರೀ, ನಿಮ್ಮಿಂದ ನನ್ನ ಪಿಂಚಣಿ ನಿಂತೋಯ್ತು!"

"ನಾ ಏನ್ ಮಾಡಿದ್ನ್ರಿ?"

"ನನ್ನ ಮದ್ವೆ ಆಗಿದೀರಂತೆ."

ಅತ್ತ ಕಡೆ ಮೂಟೆಯೊಂದು ದೊಪ್ಪನೆ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಮೆಲ್ಲಗೆ, "ನಂಗ್ಯಾರೂ ಹೇಳ್ಲೇ ಇಲ್ಲಲ್ರೀ," ಎಂದರು.

ಮರುದಿನ ಕೂಲಿ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸೊರಬಕ್ಕೆ ಬಂದರು. ಮೂಟೆ ಹೊತ್ತು ಭುಜ ಅಗಲವಾಗಿತ್ತು. ನೋಡಬಾರದು ಎಂದುಕೊಂಡೇ ನೋಡಿದೆ.

"ನೀವು ಇವರ ಗಂಡನಾ?" ಗುಮಾಸ್ತರು ಕೇಳಿದರು.

"ಅಲ್ಲ ಸರ್."

ಕೇಳಿದ್ದೇ ತಡ ಹೇಳಿಬಿಟ್ಟರು! ಕಿಟ್‌ನ ಕಥೆಯನ್ನೆಲ್ಲ ಬರೆದು ಸಹಿ ಹಾಕಿದರು. ನಾನೂ ಹಾಕಿದೆ. ನಿಂತ ಹಣವೂ ಸೇರಿ ಬರುತ್ತದೆ ಎಂದರು ಗುಮಾಸ್ತರು. ನಾನು ಖುಷಿಪಡಬೇಕಿತ್ತು. ಪೆನ್ನನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ನಡೆದೆ.

"ಯಾಕ್ರೀ ಮುಖ ಊದಿಸ್ಕಂಡೀರಿ? ಕೆಲ್ಸ ಆತಲ್ಲ," ಎಂದರು ಹೊರಗೆ.

"ಅಲ್ಲ ಅನ್ನಕ್ಕೆ ಅಷ್ಟು ಅವಸರನಾ ಮಾರಾಯ್ರೆ?"

ಅವರು ನಿಂತುಬಿಟ್ಟರು. "ಹೌದು ಅನ್ನೋದು ಬಾಯಿ ತುದೀಗೆ ಬಂದಿತ್ತು. ಆದ್ರೆ ಅವತ್ತು ನನ್ನ ಸಂಬಳ ನಿಂತಿತ್ತು, ನಿಮ್ದೂ ನಿಂತಿತ್ತು. ನಿಲ್ದೇ ಬಂದಿದ್ದು ನಿಮ್ಮ ಪಿಂಚಣಿ ಒಂದೇ. ಅದ್ರಾಗೆ ನಾನೂ ಉಂಡೀನಿ. ನಾಳೆ ಮತ್ತೆ ಅಂಥ ರೋಗ ಬಂದ್ರೆ ನನ್ನ ಕೈ ಖಾಲಿ. ನನ್ನ ಆಸೆಗೋಸ್ಕರ ನಿಮ್ಮ ಕೈಯಿಂದ ಅದನ್ನ ಹೆಂಗ್ರೀ ಕಿತ್ಕಳ್ಲಿ?" ನೆಲ ನೋಡುತ್ತಾ ಸೇರಿಸಿದರು, "ಪ್ರೀತಿ ಇಲ್ಲ ಅಂತಲ್ರಿ. ಐತಿ. ಭಾಳ ಐತಿ."

ಆ ದುಡ್ಡು ನಮ್ಮನ್ನು ಕಾಪಾಡಿದೆ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಅದು "ಊಟ ಆತೇನ್ರಿ?" ಎಂದು ಕೇಳುವುದಿಲ್ಲವಲ್ಲ.

"ಶಾಲೆ ಶುರುವಾಗಿದೆ. ನಾನು ಬೇಯಿಸ್ತೀನಿ, ನೀವು ಮೂಟೆ ಹೊರ್ತೀರಿ. ಒಬ್ರ ಕೆಲ್ಸ ಹೋದ್ರೆ ಇನ್ನೊಬ್ರದ್ದು. ಇಬ್ರದ್ದೂ ಹೋದ್ರೆ ಗಂಜಿ. ಕುಡ್ದು ಗೊತ್ತಲ್ಲ ನಮಗೆ?"

"ಲೋಕಮ್ಮಾರು?"

"ನಮ್ಮ ಜೊತೆಗೇ."

"ಅದು ಕೇಳ್ಬೇಕಾ! ಮದ್ವಿ ಮಾಡಿಸಿದ್ದೇ ಅವ್ರು," ಎಂದು ನಕ್ಕರು. ಕಣ್ಣು ಒದ್ದೆಯಾಗಿತ್ತು.

ನಾನು ತಿರುಗಿ ಒಳಗೆ ನಡೆದೆ. ಅವರು ಹಿಂದೆಯೇ ಬಂದರು.

"ಸರ್, ವಿಧವಾ ವೇತನ ನಿಲ್ಲಿಸಕ್ಕೆ ಯಾವ ಅರ್ಜಿ?"

ಗುಮಾಸ್ತರು ಕನ್ನಡಕ ತೆಗೆದರು. "ಈಗ ತಾನೇ ಶುರು ಮಾಡಿಸಿದ್ರಲ್ಲಮ್ಮ!"

"ಹೌದು. ಸುಳ್ಳಿಗೆ ನಿಂತಿತ್ತು, ಶುರು ಮಾಡಿಸ್ದೆ. ಇನ್ನು ನಿಜಕ್ಕೆ ನಿಲ್ಲಲಿ."

ಗುಮಾಸ್ತರು ನನ್ನನ್ನು ನೋಡಿದರು, ಇವರನ್ನು ನೋಡಿದರು. "ಮದುವೆ ಆದ್ಮೇಲೆ ಬನ್ನಿ. ಈಗ್ಲೇ ಬರ್ಕೊಂಡ್ರೆ ಮತ್ತೆ ಸುಳ್ಳಾಗ್ತದೆ. ಯಾವತ್ತು ಮದುವೆ?"

ಈ ಸಲ ಇವರೇ ಹೇಳಲಿ ಎಂದು ಸೆರಗು ಸರಿಮಾಡಿಕೊಳ್ಳುತ್ತಾ ನಿಂತೆ.

"ಇವತ್ತು ಯಾವ ವಾರ ಸರ್?" ಎಂದರು ಸಿದ್ಧಲಿಂಗೇಶ್.