ಸಂಜೆ ತರಗತಿಯ ನೋರೀನ್

ಟೈ ಕಟ್ಟಿಕೊಂಡು ಮೇಜಿನ ಹಿಂದೆ ನಿಂತವನನ್ನು ಯಾರೇ ನೋಡಿದರೂ ಕಾಲೇಜಿನವನು ಅಂದುಕೊಳ್ಳುತ್ತಿದ್ದರು. ನೋರೀನ್ ಕಾಸ್ಕೊ ಕೂಡ ಹಾಗೇ ಅಂದುಕೊಂಡಳು.

ಪಿಟ್ಸ್‌ಬರ್ಗಿನ ಆ ಸಭಾಂಗಣದಲ್ಲಿ ಶನಿವಾರ ಬೆಳಿಗ್ಗೆ ಸೇರಿದ್ದವರೆಲ್ಲ ಇದ್ದ ಕೆಲಸ ಬಿಟ್ಟು ಡಾಕ್ಟರಾಗಲು ಹೊರಟವರು. ಮೆಡಿಕಲ್ ಕಾಲೇಜಿನ ಬಾಗಿಲು ತಟ್ಟುವ ಮೊದಲು ಅವರು ವಿಜ್ಞಾನ ಕಲಿಯಬೇಕಿತ್ತು. ಕಲಿಸುವ ಕಾಲೇಜುಗಳು ಸಾಲಾಗಿ ಮೇಜು ಹಾಕಿದ್ದವು.

"ನನಗೆ ಮೂವತ್ತೊಂದು," ಎಂದು ಅವಳು ಒಂದೇ ಉಸಿರಿಗೆ ಶುರುಮಾಡಿದಳು. "ಆಸ್ಪತ್ರೇಲಿ ಕಿವಿ ಕೇಳದವರಿಗೆ ಕೈಸನ್ನೆ ಭಾಷೇಲಿ ಡಾಕ್ಟರ ಮಾತು ತಿಳಿಸೋ ಕೆಲಸ. ಹತ್ತೊಂಬತ್ತರಲ್ಲಿ ಕೆಮಿಸ್ಟ್ರಿ ತಗೊಂಡು ಫೇಲಾಗಿದ್ದೆ. ನನ್ನಂಥವಳನ್ನ ಸೇರಿಸ್ಕೋತೀರಾ?"

ಅವನು ಅವಳ ಕೈಗಳನ್ನೇ ನೋಡುತ್ತಿದ್ದ. ಬಾಯಿ ಆಡಿದ್ದನ್ನೆಲ್ಲ ಬೆರಳುಗಳೂ ಆಡುತ್ತಿದ್ದವು.

"ಖಂಡಿತ ಸೇರಿಸ್ಕೋಬೇಕು," ಎಂದ ಗಂಭೀರವಾಗಿ.

"ಒಂದು ವರ್ಷದ ಕೋರ್ಸ್ ಒಳ್ಳೇದೋ, ಎರಡು ವರ್ಷದ್ದೋ?"

"ಅದನ್ನ ಕೇಳೋಕೇ ನಾನೂ ಬಂದಿದ್ದು. ಇಲ್ಲಿದ್ದ ಮೇಡಂ ಕಾಫಿಗೆ ಹೋದ್ರು. ಪೇಪರ್ ಹಾರದಂಗೆ ನೋಡ್ಕೊಳ್ಳಿ ಅಂದ್ರು, ನಿಂತಿದೀನಿ."

ನೋರೀನಳ ಕಿವಿ ತುದಿಯವರೆಗೂ ಕೆಂಪಾಯಿತು. "ಮೊದಲೇ ಹೇಳೋಕೆ ಏನಾಗಿತ್ತು?"

"ನೀವು ಸಂದಿ ಬಿಟ್ರೆ ತಾನೇ!"

ಅವನ ಹೆಸರು ಡೆಸ್ಮಂಡ್ ಟಲ್. ಎಂಜಿನಿಯರ್. ಹಗ್ಗ ಕಟ್ಟಿಕೊಂಡು ಸೇತುವೆಗಳ ಹೊಟ್ಟೆಯಡಿ ಜೋತು ಬಿದ್ದು ಬಿರುಕು ಹುಡುಕುವುದು ಅವನ ಕೆಲಸ. ಒಮ್ಮೆ ಜೊತೆಗಾರ ಮೇಲಿಂದ ಬಿದ್ದಾಗ ಆಂಬುಲೆನ್ಸ್ ಬರುವವರೆಗೆ ಅವನ ಕತ್ತು ಅಲುಗದಂತೆ ಹಿಡಿದು ಕೂತಿದ್ದ. "ಅವನು ಬದುಕ್ಕೊಂಡ," ಎಂದ. "ಆದ್ರೆ ಆ ಇಪ್ಪತ್ತು ನಿಮಿಷ ನನ್ನ ಕೈಗೆ ಹಿಡಿಯೋದು ಬಿಟ್ಟು ಬೇರೇನೂ ಗೊತ್ತಿರ್ಲಿಲ್ಲ."

ನೋರೀನ್ ತನ್ನದನ್ನು ಹೇಳಿದಳು. ಕಿವಿ ಕೇಳದ ಒಬ್ಬ ಮುದುಕಿಗೆ ಕ್ಯಾನ್ಸರ್ ಎಂದು ತಿಳಿಸುವ ಹೊತ್ತಿನಲ್ಲಿ ಡಾಕ್ಟರು ಮುದುಕಿಯ ಮುಖ ನೋಡದೆ ಇವಳ ಮುಖ ನೋಡಿ, 'ಅವರಿಗೆ ಹೇಳಿಬಿಡಿ' ಎಂದು ಎದ್ದುಹೋಗಿದ್ದರು. "ಮುದುಕಿ ನನ್ನನ್ನ ನೂರು ಪ್ರಶ್ನೆ ಕೇಳಿದ್ಳು. ನನ್ನ ಹತ್ರ ಒಂದಕ್ಕೂ ಉತ್ತರ ಇರ್ಲಿಲ್ಲ."

ಆಮೇಲಿನ ಶನಿವಾರಗಳೆಲ್ಲ ನದಿಯ ಪಕ್ಕದ ಒಂದು ಸಣ್ಣ ಹೋಟೆಲಿನಲ್ಲಿ ಕಳೆದವು. ಪ್ಯಾನ್‌ಕೇಕ್ ತಟ್ಟೆ ಸರಿಸಿ ಅವನು ಭೌತಶಾಸ್ತ್ರ ಹೇಳಿಕೊಡುತ್ತಿದ್ದ. ಅವಳು ಲೆಕ್ಕ ಬಿಟ್ಟು ಅವನ ರೆಪ್ಪೆ ನೋಡುತ್ತಿದ್ದಳು.

"ಉತ್ತರ ಪುಸ್ತಕದಲ್ಲಿದೆ, ನನ್ನ ಮುಖದಲ್ಲಲ್ಲ."

"ಮುಖದಲ್ಲಿ ಜೇನು ಹತ್ತಿದೆ, ಹೇಳಣ ಅಂತಿದ್ದೆ," ಎಂದಳು. ಅವನು ಒರೆಸಿಕೊಂಡ. ಜೇನು ಇರಲಿಲ್ಲ.

ಮಾರ್ಚ್‌ನಲ್ಲಿ ಪತ್ರಗಳು ಬಂದವು. ಫಿಲಡೆಲ್ಫಿಯಾದ ಒಂದು ವರ್ಷದ ಕೋರ್ಸಿಗೆ ಇಬ್ಬರೂ ಆಯ್ಕೆಯಾಗಿದ್ದರು. ಚೆನ್ನಾಗಿ ಮುಗಿಸಿದವರಿಗೆ ಅಲ್ಲೇ ಮೆಡಿಕಲ್ ಸೀಟು. ಪಿಟ್ಸ್‌ಬರ್ಗಿನ ಸಂಜೆ ಕಾಲೇಜು ನೋರೀನಳನ್ನು ಎರಡು ವರ್ಷದ ತರಗತಿಗೆ ಕರೆದಿತ್ತು. ಅಲ್ಲಿ ಸೀಟಿನ ಭರವಸೆ ಇರಲಿಲ್ಲ.

ಅವಳು ಎರಡೂ ಕಡೆ ಹೋಗಿ ಒಂದೇ ಪ್ರಶ್ನೆ ಕೇಳಿದಳು. "ಒಂದ್ಸಲ ಫೇಲಾದವರನ್ನ ನೀವು ಹೇಗೆ ದಡ ಸೇರಿಸ್ತೀರಿ?"

ಫಿಲಡೆಲ್ಫಿಯಾದವರು ನಯವಾಗಿ, "ನಮ್ಮಲ್ಲಿ ಅಂಥವರು ಕಡಿಮೆ," ಎಂದರು. ಒಂದಿಡೀ ವರ್ಷದ ಕೆಮಿಸ್ಟ್ರಿಯನ್ನು ಅಲ್ಲಿ ಒಂದು ಬೇಸಿಗೆಯಲ್ಲಿ ಮುಗಿಸುತ್ತಿದ್ದರು.

ಸಂಜೆ ಕಾಲೇಜಿನ ಮುಖ್ಯಸ್ಥೆ ಡಾಕ್ಟರ್ ಇಬಾರಾ ಉತ್ತರದ ಬದಲು ಐದು ಕೆಮಿಸ್ಟ್ರಿ ಲೆಕ್ಕ ಕೊಟ್ಟರು. ನೋರೀನ್ ಎರಡು ಮಾಡಿದಳು.

"ಮೂರನೇದು ಎಲ್ಲಿ ಜಾರ್ತು ನೋಡಮ್ಮ. ನಿನಗೆ ಕೆಮಿಸ್ಟ್ರಿ ಬರುತ್ತೆ. ಭಾಗಾಕಾರದಲ್ಲಿ ಗಾಬರಿ ಬೀಳ್ತೀಯ. ಆರು ತಿಂಗಳು ಕೊಡು, ಆ ಗಾಬರಿ ನಾನು ಬಿಡಿಸ್ತೀನಿ."

ಹನ್ನೆರಡು ವರ್ಷದಲ್ಲಿ ಯಾರೂ ಅವಳಿಗೆ ಹೀಗೆ ಹೇಳಿರಲಿಲ್ಲ. ಅವಳು ಅಲ್ಲೇ ಸಹಿ ಹಾಕಿದಳು.

ಇಬ್ಬರೂ ಊರಿನ ಗುಡ್ಡದ ಮೆಟ್ಟಿಲು ಹತ್ತುವಾಗ ವಿಷಯ ಕೇಳಿ ಡೆಸ್ಮಂಡ್ ನಿಂತುಬಿಟ್ಟ. "ಹೆದರಿಕೊಂಡ್ಯಾ?"

"ನಿನ್ನ ಜೊತೆ ರೈಲು ಹತ್ತೋಕೆ ನನಗೆ ಎಷ್ಟು ಆಸೆ ಇದೆ ಗೊತ್ತಾ?" ಎಂದಳು ಅವಳು. "ಆ ಆಸೆ ಕೇಳಿ ಕೋರ್ಸ್ ಆರಿಸಿದ್ರೆ ಮತ್ತೆ ಫೇಲಾಗ್ತೀನಿ. ನಿನಗೆ ಗಣಿತ, ಭೌತಶಾಸ್ತ್ರ ಎಲ್ಲ ಮುಗಿದಿದೆ, ಒಂದು ವರ್ಷ ಸಾಕು. ನನಗೆ ಸಾಲದು. ನಿನ್ನನ್ನ ಪ್ರೀತಿಸ್ತೀನಿ ಅನ್ನೋ ಕಾರಣಕ್ಕೆ ಸಾಕು ಅಂತ ನನಗೆ ನಾನೇ ಸುಳ್ಳು ಹೇಳ್ಕೊಳ್ಳಲಾ?"

ಪ್ರೀತಿ ಎಂಬ ಮಾತು ಅವಳ ಬಾಯಿಂದ ಜಾರಿಬಿಟ್ಟಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡರು.

"ಹಾಗಾದ್ರೆ ನಾನೂ ಇಲ್ಲೇ ಇರ್ತೀನಿ," ಎಂದ ಅವನು ಮೆಲ್ಲಗೆ.

"ಇದ್ದು ನೋಡು, ಮಾತೇ ಆಡಿಸಲ್ಲ!"

ಅವನು ನಕ್ಕ. ಆಮೇಲೆ ಅವಳನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಜೂನ್‌ನಲ್ಲಿ ಅವನು ಹೋದ.

ಮೊದಲ ಪರೀಕ್ಷೆಯಲ್ಲಿ ನೋರೀನಳಿಗೆ ಬಂದಿದ್ದು ನೂರಕ್ಕೆ ಅರವತ್ತೆರಡು, ಮೆಡಿಕಲ್ ಸೀಟಿಗೆ ಏನೇನೂ ಸಾಲದು. ಅತ್ತಳು, ಮರುದಿನ ಇಬಾರಾ ಮೇಡಂ ಬಾಗಿಲಲ್ಲಿ ನಿಂತಳು. ಹಗಲು ಆಸ್ಪತ್ರೆ, ಸಂಜೆ ಪ್ರಯೋಗಶಾಲೆ, ಭಾನುವಾರ ಡೆಸ್ಮಂಡ್‌ನ ಫೋನು. ಮಾರನೇ ವರ್ಷ ಎಲ್ಲರೂ ಹೆದರುವ ಸಾವಯವ ರಸಾಯನಶಾಸ್ತ್ರದಲ್ಲಿ ಇಡೀ ತರಗತಿಗೆ ಮೊದಲು ಬಂದವಳು ಅವಳೇ. ಫೋನಿನಲ್ಲಿ ಡೆಸ್ಮಂಡ್ ಕೂಗಿದ ಕೂಗಿಗೆ ಪಕ್ಕದಲ್ಲಿದ್ದವರು ಹೌಹಾರಿದರು.

ಮೆಡಿಕಲ್ ಕಾಲೇಜಿನ ಸಂದರ್ಶನದಲ್ಲಿ ಆ ಹಳೆಯ ಫೇಲು ಯಾಕಾಯಿತೆಂದು ಕೇಳಿದರು. "ಆಗ ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ ಆಗ್ತಿತ್ತು," ಎಂದಳು. "ಈಗ ಆಗಲ್ಲ."

ಎರಡು ಕಾಲೇಜು ಕರೆದವು. ಈ ಸಲ ಆರಿಸುವಾಗ ಆಸೆಯೂ ಬುದ್ಧಿಯೂ ಒಂದೇ ಊರಿನ ಹೆಸರು ಹೇಳಿದವು. ಅವಳು ಯಾರಿಗೂ ಹೇಳದೆ ಬೆಳಗಿನ ರೈಲು ಹತ್ತಿದಳು.

ಫಿಲಡೆಲ್ಫಿಯಾದಲ್ಲಿ ಬಿಸಿಲಿಳಿಯುವ ಹೊತ್ತು. ಕಾಲೇಜಿನ ಅಂಗಳದಲ್ಲಿ ಬಿಳಿ ಕೋಟು ತೊಟ್ಟ ಡೆಸ್ಮಂಡ್ ಸ್ನೇಹಿತರೊಂದಿಗೆ ಬರುತ್ತಿದ್ದ. ಅವಳನ್ನು ಕಂಡು ಮಾತು ಅರ್ಧಕ್ಕೇ ನಿಲ್ಲಿಸಿದ. ಅವಳು ಸೀಟು ಸಿಕ್ಕ ಪತ್ರ ಚಾಚಿದಳು. ಒಮ್ಮೆ ಓದಿದ, ಮತ್ತೊಮ್ಮೆ ಓದಿದ. ಆಮೇಲೆ ಅವಳನ್ನು ನೆಲದಿಂದೆತ್ತಿ ಗಿರಗಿರ ತಿರುಗಿಸಿದ. ಸುತ್ತಲಿದ್ದವರು ಚಪ್ಪಾಳೆ ಹೊಡೆದರು.

"ಇನ್ಮೇಲೆ ನಾನು ಸೀನಿಯರ್. ಎದ್ದು ನಿಂತು ಮಾತಾಡ್ಬೇಕು."

"ಮೊದಲು ಕೆಳಗಿಳಿಸಿ ಸೀನಿಯರ್. ಒಂದು ಪ್ರಶ್ನೆ ಇದೆ."

"ಕೇಳು."

"ನನ್ನನ್ನ ಮದುವೆ ಆಗ್ತೀಯಾ?"

ಡೆಸ್ಮಂಡ್‌ನ ಕಣ್ಣು ತುಂಬಿತು. "ಮೂರು ವರ್ಷದಿಂದ ನಾನು ಧೈರ್ಯ ಒಟ್ಟು ಮಾಡ್ತಿದ್ದೆ ಕಣೇ," ಎಂದ. "ನೀನು ರೈಲಿಳಿದ ತಕ್ಷಣ ಕೇಳಿಬಿಟ್ಯಲ್ಲ!"

"ಉತ್ತರ ಹೇಳು."

"ಆಗ್ತೀನಿ," ಎಂದ. ಸಾಲದೆನಿಸಿ ಇಡೀ ಅಂಗಳಕ್ಕೆ ಕೇಳುವಂತೆ ಮತ್ತೆ ಕೂಗಿದ, "ಆಗ್ತೀನಿ!"