ತೊಳೆಯುವ ಕೋಣೆಯ ಬ್ರಷ್

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟ ಮರುದಿನ, ಬೆಳಿಗ್ಗೆ ಎಂಟೂವರೆಗೆ ಅವಳು ಲ್ಯಾಬಿಗೆ ಬಂದಳು.

ಪ್ರೊಫೆಸರ್ ಆಗಲೇ ಇನ್‌ಕ್ಯುಬೇಟರಿನ ಮುಂದೆ ನಿಂತಿದ್ದರು.

"ರಜೆ ತಗೋ ಅಂದಿದ್ದೆನಲ್ಲಮ್ಮ? ಈ ಪ್ಲೇಟುಗಳನ್ನ ಇವತ್ತೇ ಬಿಸಾಡಿಸ್ತೀನಿ. ಗಂಡನ ಪ್ರಾಣ ತೆಗೆದ ಬ್ಯಾಕ್ಟೀರಿಯಾನ ಬೆಳೆಸ್ಕೊಂಡು ಕೂತ್ರೆ ನಿನಗೇ ಒಳ್ಳೇದಲ್ಲ."

ಆಸ್ಪತ್ರೆಯಲ್ಲಿ ಅವನ ರಕ್ತನಾಳಕ್ಕೆ ಹಾಕಿದ್ದ ಕೊಳವೆಯೊಳಗೆ ಬೆಳೆದದ್ದು ಅದು. ಸುತ್ತ ಲೋಳೆ ಕಟ್ಟಿಕೊಂಡು, ಯಾವ ಔಷಧಿಯನ್ನೂ ಹತ್ತಿರ ಬಿಡಲಿಲ್ಲ. ಆ ಲೋಳೆಯನ್ನು ಕರಗಿಸುವ ಕಿಣ್ವವೇ ಅವಳ ನಾಲ್ಕು ವರ್ಷದ ಕೆಲಸ.

"ಮಧ್ಯಾಹ್ನದ ತನಕ ಬಿಡಿ ಸರ್."

"ಆಗಲ್ಲ ಅಂದ್ರೆ?"

"ನನ್ನನ್ನೂ ಜೊತೆಗೇ ಬಿಸಾಡಿ."

ಅವರು ಗಡಿಯಾರ ನೋಡಿದರು. "ಮಧ್ಯಾಹ್ನದ ತನಕ. ಅಷ್ಟೇ."

ಕಿಣ್ವ ಹನಿಸಿ ಕಾಯುವಾಗ, ಇದೇ ಲ್ಯಾಬಿನಲ್ಲಿ ಗಂಡ ಕೆಲಸ ಮಾಡುತ್ತಿದ್ದ ಮೇಜಿನ ಪಕ್ಕ ನೇತಾಡುತ್ತಿದ್ದ ಬಾಟಲಿ ಬ್ರಷ್ ಕಣ್ಣಿಗೆ ಬಿತ್ತು...

ಅವಳು ಅವನನ್ನು ಮೊದಲು ನೋಡಿದ ದಿನ ಅವನು ಅದರಿಂದಲೇ ಫ್ಲಾಸ್ಕ್ ಉಜ್ಜುತ್ತಿದ್ದ. "ಎಂಥ ಅಂಟುಪುರಲೆ ಇದು, ಬಟ್ಟೆಗೆ ಹತ್ತಿದ ಮುಳ್ಳುಕಾಯಿ ಹಾಗೆ, ಬಿಟ್ಟು ಹೋಗೋದೇ ಇಲ್ವಲ್ಲ!"

ಸಂಶೋಧನೆಗೆ ಸೇರುವ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಸಿಡಿದಳು. "ಮೂರು ಸಲ ಬಂದಿದ್ದಕ್ಕೇ ಹೀಗಂತೀರಾ?"

"ಅಯ್ಯೋ, ಫ್ಲಾಸ್ಕಿಗೆ ಅಂಟಿರೋ ಈ ಲೋಳೆಗೆ ಅಂದಿದ್ದು ರೀ..."

"ಉಜ್ಜದೇನೇ ಅದನ್ನ ಕರಗಿಸ್ತೀನಿ. ಅದಕ್ಕೇ ಬಂದಿದ್ದು."

"ಕರಗಿಸಿ ನೋಡೋಣ. ಅಲ್ಲಿವರೆಗೂ ಈ ಬ್ರಷ್ ನಂದು."

ಅದು ತೊಳೆಯುವ ಕೋಣೆಯ ಅಕ್ಕನಿಂದ ಎರವಲು ತಂದದ್ದು. ಮದುವೆಯಾದ ಮೇಲೂ ಹಿಂದಿರುಗಿಸಲಿಲ್ಲ. ಕೇಳಿದರೆ ನಗುತ್ತಿದ್ದ.

ನನ್ನ ಕೆಲಸದ ಮೇಲೆ ಇವನಿಗೆ ನಂಬಿಕೆಯೇ ಇಲ್ಲ, ಅದಕ್ಕೇ ಬ್ರಷ್ ಬಿಡುತ್ತಿಲ್ಲ... ಆ ಮುಳ್ಳು ಆಸ್ಪತ್ರೆಯ ಕೊನೆಯ ದಿನವೂ ಅವಳೊಳಗೆ ಇತ್ತು.

ಹನ್ನೆರಡೂವರೆಗೆ ಅವಳು ಪ್ಲೇಟಿನ ಗುಳಿಗಳ ಸಾಲುಗಳಿಗೆ ನೇರಳೆ ಬಣ್ಣ ಹಾಕಿ ತೊಳೆದಳು. ಲೋಳೆ ಇದ್ದಲ್ಲಿ ಬಣ್ಣ ನಿಲ್ಲುತ್ತದೆ. ಕಿಣ್ವವಿಲ್ಲದ ಸಾಲು ಕಡು ನೇರಳೆ. ಕಿಣ್ವ ಹಾಕಿದ ಸಾಲು ತಿಳಿನೀರಿನಂತಿತ್ತು.

ಪ್ರೊಫೆಸರ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಇನ್ನೊಂದು ಸಲ ಮಾಡಿ ತೋರಿಸು."

"ಹತ್ತು ಸಲ ಮಾಡ್ತೀನಿ ಸರ್. ಬಿಸಾಡೋ ಮಾತು ಮಾತ್ರ ಎತ್ತಬೇಡಿ."

ಬ್ರಷ್ ತೆಗೆದುಕೊಂಡು ತೊಳೆಯುವ ಕೋಣೆಗೆ ಹೋದಳು.

"ಉಜ್ಜದೇನೇ ಲೋಳೆ ಕರಗಿ ಹೋಯ್ತು ಅಕ್ಕ. ನಿಮ್ಮ ಬ್ರಷ್ ತಗೊಳ್ಳಿ."

ಅಕ್ಕ ಒದ್ದೆ ಕೈ ಒರೆಸಿಕೊಂಡರು. "ನಾಲ್ಕು ವರ್ಷ ಅವನನ್ನ ಕೇಳಿದೀನಿ ಕಣಮ್ಮ. 'ನಾನು ಕೊಡಲ್ಲಕ್ಕ, ನನ್ನ ಅಂಟುಪುರಲೆನೇ ಗೆದ್ದು ತಂದುಕೊಡ್ತಾಳೆ, ನೋಡ್ತಿರಿ' ಅಂತಿದ್ದ."

ಅವಳು ಬ್ರಷ್ ಚಾಚಿದಳು. ಅಕ್ಕ ಹಿಡಿದುಕೊಂಡರು. ಅವಳ ಬೆರಳು ಮಾತ್ರ ಸಡಿಲವಾಗಲಿಲ್ಲ.

"ಬಿಡಮ್ಮ," ಅಂದರು ಅಕ್ಕ, ಮೆಲ್ಲಗೆ.

"ನಾನು ಅಂಟುಪುರಲೆ ಅಲ್ವಾ ಅಕ್ಕ... ಒಂದು ನಿಮಿಷ."