ಬೀದಿಯ ಕಡೆ ತಿರುಗಿದ ಬೂಟು

"ನನ್ನ ಬೂಟು ಕೆಳಗಿಡಿ."

ಟರ್ಕಿಯ ಎದಿರ್ನೆ ಊರಿನ ಹಳೇ ಮಸೀದಿಯ ಬಾಗಿಲಲ್ಲಿ ನೆವಿನ್ ಹಾಗೇ ನಿಂತುಬಿಟ್ಟಳು. ಗೋಡೆಯ ಮೇಲಿನ ಆಳೆತ್ತರದ ಅಕ್ಷರಗಳನ್ನು ನೋಡಿ ಮೈಮರೆತು ಹೊರಬಂದರೆ, ಯಾರೋ ಉದ್ದನೆಯ ಗಂಡಸು ಬಗ್ಗಿ ಅವಳ ಎಡಗಾಲಿನ ಬೂಟನ್ನು ಕೈಯಲ್ಲಿ ಹಿಡಿದಿದ್ದ!

ಅವನು ಬೆಚ್ಚಲಿಲ್ಲ, ಓಡಲೂ ಇಲ್ಲ. ಬೂಟನ್ನು ಅದರ ಜೋಡಿಯ ಪಕ್ಕ ಒಪ್ಪವಾಗಿ ಇಟ್ಟು ನೆಟ್ಟಗೆ ನಿಂತ.

"ನೆವಿನ್ ಅಂದ್ರೆ ನೀವೇ ಅಲ್ವಾ? ನಾನು ಇಲ್ಕರ್, ನಿಮ್ಮ ಸೋದರತ್ತೆ ಮನೆ ಎದುರಿನವನು. ಅವರಿಗೆ ಮಂಡಿನೋವು ನೋಡಿ, ಊರು ತೋರಿಸೋಕೆ ನನ್ನ ಕಳಿಸಿದ್ರು. ಹಸಿರು ಬೂಟು ಹಾಕಿದಾಳೆ, ಹುಡುಕು ಅಂದ್ರು."

ಕಳ್ಳನಲ್ಲ, ಸರಿ. ಆದರೆ ಬೂಟು ಹಾಕಿಕೊಳ್ಳಲು ಬಗ್ಗಿದವಳ ಎದೆ ಧಸಕ್ಕೆಂದಿತು. ಎರಡೂ ಬೂಟುಗಳ ಮೂತಿ ಬೀದಿಯ ಕಡೆ ತಿರುಗಿತ್ತು.

ಅದರಲ್ಲೇನಿದೆ ಎನ್ನಬೇಡಿ. ನೆವಿನ್ ಹುಟ್ಟಿ ಬೆಳೆದ ದೂರದ ಕೊನ್ಯಾ ಊರಿನ ಮನೆಯಲ್ಲಿ, ಬಂದವರ ಬೂಟಿನ ಮೂತಿ ಮನೆಯ ಕಡೆಗೇ ಇರಬೇಕು. ಮತ್ತೆ ಬನ್ನಿ ಎಂದು ಅದರರ್ಥ. ಅದನ್ನು ಬೀದಿಯ ಕಡೆ ತಿರುಗಿಸಿಟ್ಟರೆ, ಈ ಹೊಸಿಲು ಇನ್ನು ತುಳಿಯಬೇಡಿ ಎಂದು. ಬಾಯಿಬಿಟ್ಟು ಹೇಳಲಾಗದ್ದನ್ನು ಅಲ್ಲಿ ಹೀಗೆ ಹೇಳುತ್ತಾರೆ.

ನೆವಿನ್‌ಗೆ ಅದು ಚೆನ್ನಾಗಿ ಗೊತ್ತಿತ್ತು. ಕಳೆದ ಚಳಿಗಾಲದಲ್ಲಿ, ನಿಶ್ಚಯವಾದ ಹುಡುಗನ ಮನೆಯಲ್ಲಿ ನಗುನಗುತ್ತಾ ಊಟ ಮಾಡಿ ಹೊರಟಾಗ ಅವಳ ಬೂಟು ಬೀದಿ ನೋಡುತ್ತಿತ್ತು. ತಿರುಗಿಸಿಟ್ಟವಳು ಹುಡುಗನ ತಾಯಿ. ಎರಡೇ ದಿನಕ್ಕೆ ಉಂಗುರ ವಾಪಸ್ಸಾಯಿತು. ಆ ನೋವು ಮರೆಯಲೆಂದೇ ಅವಳು ತಾನು ಪಾಠ ಹೇಳುವ ಶಾಲೆಯ ರಜೆಯಲ್ಲಿ ಅತ್ತೆಯ ಊರಿಗೆ ಬಂದಿದ್ದಳು. ಇಲ್ಲೂ ಅದೇ?

ಪರಿಚಯವೇ ಇಲ್ಲದವನು... ನಾನೇನು ಮಾಡಿದೆ ಇವನಿಗೆ?

ಎರಡನೇ ದಿನ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಸೆಲಿಮಿಯೆ ಮಸೀದಿಯ ಗುಮ್ಮಟದ ಕೆಳಗೆ ಕತ್ತೆತ್ತಿ ನಿಂತಿದ್ದರೂ ಒಂದು ಕಣ್ಣು ಬಾಗಿಲ ಮೇಲೆಯೇ. ಹೊರಬಂದಾಗ ಬೂಟು ಮತ್ತೆ ಬೀದಿಯ ಕಡೆಗಿತ್ತು. ಮಧ್ಯಾಹ್ನ ಇನ್ನೊಂದು ಮಸೀದಿ. ಅಲ್ಲೂ ಅಷ್ಟೇ.

ವಿಚಿತ್ರವೆಂದರೆ, ಉಳಿದ ಹೊತ್ತೆಲ್ಲ ಆ ಮನುಷ್ಯ ಬೆಣ್ಣೆಯಂತಿದ್ದ. ಹಳೇ ಮನೆಗಳ ಮರದ ಕಿಟಕಿ ರಿಪೇರಿ ಮಾಡುವುದು ಅವನ ಕೆಲಸ. ದಾರಿಯುದ್ದಕ್ಕೂ ತಾನು ಸರಿಮಾಡಿದ ಕಿಟಕಿಗಳನ್ನು ನೆಂಟರನ್ನು ಪರಿಚಯಿಸುವವನಂತೆ ತೋರಿಸುತ್ತಿದ್ದ. ಹುರಿದ ಲಿವರ್ ತಿನ್ನಲು ಕೂತಾಗ, ಗರಿಗರಿಯಾದ ತುಂಡುಗಳೆಲ್ಲ ಅವಳ ತಟ್ಟೆಗೇ ಸರಿದವು.

ಮಾತು ಬಾ ಅನ್ನುತ್ತದೆ, ಕೈ ಹೋಗು ಅನ್ನುತ್ತದೆ. ಯಾವುದನ್ನು ನಂಬಲಿ?

ಅತ್ತೆಯ ಬಲವಂತಕ್ಕೆ ಬಂದಿದ್ದಾನೆಯೇ? ಇವನಿಗೆ ಬೇರೆ ಯಾರಾದರೂ ಇದ್ದಾರೆಯೇ? ಸಂಜೆ ಕೆದಕಿ ಕೇಳಿದಳು. ಅತ್ತೆ ಮುಝೆಯ್ಯೆನ್ ಏನೂ ಅರಿಯದವಳಂತೆ ಮಂಡಿಗೆ ಎಣ್ಣೆ ತಿಕ್ಕುತ್ತಾ, ತಾನು ಕೇಳಿದ್ದು ಒಂದೇ ದಿನಕ್ಕೆ, ಇವತ್ತು ಅವನೇ ಬಂದ ಎಂದಳು. ನೆವಿನ್‌ಳ ಅನುಮಾನ ಇನ್ನಷ್ಟು ಗಂಟುಬಿತ್ತು.

ಅವಳಿಗೆ ಅಳು ಬಂದಿದ್ದು ಬೇರೆ ಕಾರಣಕ್ಕೆ. ಎರಡೇ ದಿನದಲ್ಲಿ, ಅವನು ನನ್ನನ್ನು ಕಳಿಸದಿರಲಿ ಎಂದು ಮನಸ್ಸು ಬಯಸತೊಡಗಿತ್ತು.

ಮೂರನೇ ದಿನ ಮಧ್ಯಾಹ್ನ ಅತ್ತೆ ಅವನನ್ನು ಚಹಾಕ್ಕೆ ಕರೆದಳು. ಮರುದಿನ ಬೆಳಿಗ್ಗೆ ನೆವಿನ್‌ಳ ಬಸ್ಸು. ಅವನು ಒಳಗೆ ಅತ್ತೆಯೊಂದಿಗೆ ಹರಟುತ್ತಿದ್ದಾಗ ಅವಳು ಬಾಗಿಲಿಗೆ ಬಂದಳು. ಕೋಪ ಮೂಗಿನ ತುದಿಯಲ್ಲಿತ್ತು.

ಈ ಸಲ ಹೊರಗೆ ತಳ್ಳುವವಳು ನಾನು.

ಮರದ ಪುಡಿ ಮೆತ್ತಿದ ಅವನ ಬೂಟುಗಳನ್ನು ಎತ್ತಿ, ಮೂತಿಯನ್ನು ಬೀದಿಯ ಕಡೆ ತಿರುಗಿಸಿ ಇಟ್ಟಳು.

ಇಲ್ಕರ್ ಹೊರಟು ಬಾಗಿಲಿಗೆ ಬಂದ. ಬೂಟು ನೋಡಿದ. ಅವನ ಮುಖ ಬಾಡುವುದನ್ನು ನೋಡಲು ನೆವಿನ್ ಕಾದಳು.

ಬಾಡಲಿಲ್ಲ. ಅವನ ಕಣ್ಣು ತುಂಬಿ ಬಂತು.

"ನೀವು ತಿರುಗಿಸಿದ್ದಾ?" ಅಂದ. "ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು. ಅವಳಾದ ಮೇಲೆ ಯಾರೂ ನನ್ನ ಬೂಟು ತಿರುಗಿಸಿಟ್ಟಿರಲಿಲ್ಲ."

ನೆವಿನ್ ತಬ್ಬಿಬ್ಬಾದಳು. ಅವನೇ ಮೆಲ್ಲಗೆ ಬಿಡಿಸಿ ಹೇಳಿದ. ಅವರ ಮನೆಯಲ್ಲಿ ಅತಿಥಿ ಹೊರಡುವಾಗ ತಿಣುಕಾಡಬಾರದು, ಕಾಲಿಟ್ಟರೆ ಬೂಟು ಸಲೀಸಾಗಿ ಸಿಗಬೇಕು. ಅದಕ್ಕೇ ಮನೆಯವರೇ ಬಗ್ಗಿ ತಿರುಗಿಸಿಡುತ್ತಾರೆ. ಅದಕ್ಕಿಂತ ದೊಡ್ಡ ಮರ್ಯಾದೆ ಅವರಿಗೆ ಗೊತ್ತಿಲ್ಲ.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಕೊನ್ಯಾದ ಬೂಟಿನ ಕಥೆ, ಆ ತಾಯಿ, ಆ ಉಂಗುರ... ಎಲ್ಲವನ್ನೂ ಹೇಳಿದಳು. ಕೊನೆಗೆ, ಈಗ ತಿರುಗಿಸಿದ್ದು ಪ್ರೀತಿಗಲ್ಲ, ಅವಮಾನ ಮಾಡೋಕೆ ಎಂಬುದನ್ನೂ ಮುಚ್ಚಿಡಲಿಲ್ಲ.

ಇಲ್ಕರ್ ಬಂದು ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತ.

"ಮೊದಲನೇ ದಿನ ನಾನು ತಿರುಗಿಸಿದ್ದು ಮರ್ಯಾದೆಗೆ," ಅಂದ. "ಆಮೇಲಿಂದು ಬರೀ ಮರ್ಯಾದೆಗಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಆದರೂ ಹಾಳು ಅನುಮಾನ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

"ಬೂಟಿನ ಮಾತು ನನಗೆ ಸಾಕಾಗಿದೆ. ಬಾಯಿಬಿಟ್ಟು ಹೇಳಿ. ನಾಳೆ ನಾನು ಹೋಗಬೇಕಾ?"

"ಹೋಗಬೇಡಿ."

ನೆವಿನ್ ಅವನ ಮುಖವನ್ನೇ ನೋಡಿದಳು. ಎಲ್ಲಾದರೂ ಸುಳ್ಳು ಇಣುಕುತ್ತದೆಯೇ ಎಂದು ಹುಡುಕಿದಳು. ಸಿಗಲಿಲ್ಲ.

"ರಜೆ ಇನ್ನೂ ನಾಲ್ಕು ದಿನ ಇದೆ," ಅಂದಳು ನೆಲ ನೋಡುತ್ತಾ.

"ನಾಲ್ಕು ದಿನ ಸಾಲಲ್ಲ."

"ಮತ್ತೆ ಎಷ್ಟು ಬೇಕಂತೆ?"

"ನೀವು ನನ್ನ ಮೇಲೆ ಅನುಮಾನ ಪಡೋದು ಬಿಡೋವರೆಗೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಅದಕ್ಕೆ ನಿಮ್ಮ ಆಯಸ್ಸೆಲ್ಲ ಬೇಕಾಗತ್ತೆ."

"ತಗೊಳ್ಳಿ," ಅಂದ ಇಲ್ಕರ್.